ಹೊಳೆ ದಾಟಿದ ಕರೆಗೆ ಸಾಕ್ಷಿ

ಬೆಳಗಿನ ಐದೂವರೆ. ಅಮೆರಿಕದ ಎರಡು ರಾಜ್ಯಗಳ ಗಡಿಯಾಗಿ ಹರಿಯುವ ವಾಬಾಶ್ ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಸೇತುವೆಯ ಕಂಬಿ ಹಿಡಿದು ಬಗ್ಗಿ ವರ್ನಾ ಕೆಸ್ಲರ್ ದಿನದಂತೆ ಟಾರ್ಚ್ ಬಿಡುತ್ತಾರೆ. ಅಡಿಯಲ್ಲಿ ಹಾದ ಕಪ್ಪು ಕೇಬಲ್ ಹಿಡಿದು ಬೆಳಕು ಇಂಡಿಯಾನಾ ದಡದಿಂದ ಇಲಿನಾಯ್ ದಡದ ಕಡೆಗೆ ಮೆಲ್ಲಗೆ ಸರಿಯುತ್ತದೆ. ಆಮೇಲೆ ಕಣ್ಣು ಮುಚ್ಚಿ ಒಂದು ಗಳಿಗೆ ಪ್ರಾರ್ಥನೆ. ಇಂದು ಕೋರ್ಟಿನಲ್ಲಿ ಕೈಯೆತ್ತಿ ಆಣೆ ಮಾಡುವುದಿದೆ.

“ಕಾಗದ ನೋಡ್ಕೊಂಡೂ ಹೇಳ್ಬಹುದು. ಆದ್ರೆ ದೇವ್ರ ಹೆಸ್ರಲ್ಲಿ ಹೇಳೋ ಮಾತು, ಕಣ್ಣಲ್ಲಿ ನೋಡಿರ್ಬೇಕಲ್ವಾ?” ಎಂದು, ವರದಿಗೆಂದು ಜೊತೆ ಬಂದ ನನಗೆ ಹೇಳುತ್ತಾರೆ.

ಅರವತ್ತೆರಡರ ಈ ಮಹಿಳೆ ಊರಿನ ಪುಟ್ಟ ಫೋನ್ ಕಂಪನಿಯಲ್ಲಿ ಮೂವತ್ತನಾಲ್ಕು ವರ್ಷದಿಂದ ಎಕ್ಸ್‌ಚೇಂಜ್ ನೋಡಿಕೊಳ್ಳುತ್ತಿದ್ದಾರೆ. ಕರೆಗಳನ್ನು ಜೋಡಿಸುವ ದೊಡ್ಡ ಯಂತ್ರವಿರುವುದು ಆಚೆ ಇಲಿನಾಯ್ ದಡದಲ್ಲಿ. ಪಕ್ಕದ ಮನೆಗೆ ಮಾಡಿದ ಕರೆಯೂ ಹೊಳೆ ದಾಟಿ, ಇನ್ನೊಂದು ರಾಜ್ಯದ ನೆಲ ಮುಟ್ಟಿ ಮರಳಬೇಕು. ಫೋನಿನಲ್ಲಿ ಬೆದರಿಕೆ ಹಾಕಿದವನನ್ನು ಕೇಂದ್ರ ಸರ್ಕಾರದ ಫೆಡರಲ್ ಕೋರ್ಟು ಶಿಕ್ಷಿಸಬೇಕಾದರೆ ಆ ಕರೆ ರಾಜ್ಯದ ಗಡಿ ದಾಟಿರಬೇಕು. ಅದನ್ನು ಜ್ಯೂರಿಗೆ ಹೇಳುವವರು ವರ್ನಾ. ಹನ್ನೊಂದು ಸಲ ಸಾಕ್ಷಿ ನುಡಿದಿದ್ದಾರೆ, ಒಮ್ಮೆಯೂ ಹತ್ತು ನಿಮಿಷ ಮೀರಿಲ್ಲ.

ತಿಂಡಿಯಂಗಡಿಯ ಗೆಳೆಯರಿಗೆ ಇದೇ ತಮಾಷೆ. “ನನ್ ಹೆಂಡ್ತಿ ಬೈಗುಳಗಳೂ ಇಲಿನಾಯ್‌ಗೆ ಹೋಗಿ ಬರ್ತವಾ, ವರ್ನಾ?” ಎಂದು ಒಬ್ಬರು ಕೇಳಿದರೆ, “ಬರ್ತವೆ. ಅಲ್ಲಿಯವ್ರೂ ಕೇಳಿ ನಿನಗೋಸ್ಕರ ನಿಟ್ಟುಸಿರು ಬಿಡ್ತಾರೆ” ಎಂದು ಇವರು ಮೊಟ್ಟೆಗೆ ಮೆಣಸು ಉದುರಿಸಿಕೊಳ್ಳುತ್ತಾರೆ.

ಹೋದ ವರ್ಷದ ಒಂದು ಮೊಕದ್ದಮೆಯ ಮಾತೆತ್ತಿದರೆ ಮಾತ್ರ ಆ ನಗು ಇಳಿಯುತ್ತದೆ. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ರೀವಾ ಟಾಲಿಸನ್‌ಗೆ, ಆಕೆ ಬಿಟ್ಟುಬಂದ ಗಂಡ ಒಂದು ಸಂಜೆ ಕರೆಮಾಡಿ, ಮನೆಸಮೇತ ಸುಟ್ಟುಹಾಕುತ್ತೇನೆ ಎಂದಿದ್ದ. ವಿಚಾರಣೆಯ ಬೆಳಗ್ಗೆ ದಿನಚರಿ ಪುಸ್ತಕ ತೆರೆದ ವರ್ನಾ ಬೆಚ್ಚಿದರು. ಆ ಸಂಜೆ ನೆರೆ ನೀರಿಗೆ ಸೇತುವೆಯ ಕೇಬಲ್ ಹರಿದಿತ್ತು; ಎರಡು ದಿನ ಊರಿನ ಕರೆಗಳೆಲ್ಲ ಈ ದಡದ ಸಣ್ಣ ಯಂತ್ರದಲ್ಲೇ ಸುತ್ತಿದ್ದವು. ಓಡಿಹೋಗಿ ಸರ್ಕಾರಿ ವಕೀಲರಿಗೆ ತಿಳಿಸಿದರು. ಅಷ್ಟರಲ್ಲಿ ಜ್ಯೂರಿ ಕೂತಾಗಿತ್ತು; ಇನ್ನು ಮೊಕದ್ದಮೆ ಹಿಂತೆಗೆದರೆ ಆ ಕರೆಗೆ ಮತ್ತೆ ಹೂಡುವಂತಿರಲಿಲ್ಲ.

ಆರೋಪಿಯ ವಕೀಲ ಹಾರ್ಲನ್ ಬೀಚಮ್ ಕೇಳಿದ್ದು ಒಂದೇ ಪ್ರಶ್ನೆ. ವರ್ನಾ ಕೊಟ್ಟದ್ದು ಒಂದೇ ಉತ್ತರ: “ದಾಟಿರಲಿಲ್ಲ.”

ನ್ಯಾಯಾಧೀಶರು ಜ್ಯೂರಿಗೆ ವಿಧಿ ಓದಿ ಹೇಳಿದರು: ಕರೆ ಗಡಿ ದಾಟುತ್ತದೆಂದು ಆರೋಪಿಗೆ ತಿಳಿದಿರಬೇಕಾಗಿಲ್ಲ, ಆದರೆ ದಾಟಿದ್ದು ಸಂಶಯವಿಲ್ಲದಂತೆ ಸಿದ್ಧವಾಗಬೇಕು, ಆಗದಿದ್ದರೆ, ಬೆದರಿಕೆ ನಿಜವೇ ಆಗಿದ್ದರೂ ಅವನು ತಪ್ಪಿತಸ್ಥನಲ್ಲ. ಅವನು ಬಿಡುಗಡೆಯಾದ. ಮೆಟ್ಟಿಲ ಮೇಲೆ ರೀವಾ ಅಂದದ್ದು ವರ್ನಾಗೆ ಇಂದಿಗೂ ನೆನಪಿದೆ: “ಒಂದು ಹೌದು ಅಂದಿದ್ರೆ ಸಾಕಿತ್ತಲ್ಲ.”

ಅಂದಿನಿಂದ ರೀವಾ ಯಾರ ಫೋನನ್ನೂ ಎತ್ತುವುದಿಲ್ಲ. ಎತ್ತುವುದಿಲ್ಲವೆಂದು ತಿಳಿದೂ ವರ್ನಾ ದಿನಾ ಸಂಜೆ ಆರಕ್ಕೆ ಕರೆಮಾಡುತ್ತಾರೆ. ನಿಮಗೇನು ಆಸೆ ಎಂದು ಕೇಳಿದೆ. “ಒಂದ್ಸಲ ಎತ್ತಿದ್ರೆ ಸಾಕು. ಬೈದ್ರೂ ಪರ್ವಾಗಿಲ್ಲ.”

ಏಪ್ರಿಲ್‌ನಲ್ಲಿ ಆ ಗಂಡ ಮತ್ತೆ ಕರೆಮಾಡಿ, ಅದೇ ಮಾತನ್ನು ರೀವಾಳ ಫೋನಿನ ಮಾತು ಮುದ್ರಿಸಿಕೊಳ್ಳುವ ಯಂತ್ರದಲ್ಲಿ ಬಿಟ್ಟ. ಇಂದು ಅದರ ವಿಚಾರಣೆ. ಬೇರೆ ಜ್ಯೂರಿ, ಅದೇ ಬೀಚಮ್. ಆ ದಿನವೂ ಬೆಳಿಗ್ಗೆ ಸೇತುವೆಗೆ ಹೋಗಿ ನೋಡಿದ್ದೆ, ಕೇಬಲ್ ನೆಟ್ಟಗಿತ್ತು, ಕರೆ ಹೊಳೆ ದಾಟಿತ್ತು ಎಂದು ವರ್ನಾ ಹೇಳುತ್ತಾರೆ. ಬೀಚಮ್ ಅರ್ಧ ಎದ್ದು, ಪ್ರಶ್ನೆಯಿಲ್ಲ ಎಂದು ಕೂತುಬಿಡುತ್ತಾರೆ. ಆಮೇಲೆ ಪಡಸಾಲೆಯಲ್ಲಿ ಯಾಕೆ ಸುಮ್ಮನಾದಿರಿ ಎಂದರೆ, “ಆಯಮ್ಮ ಇಲ್ಲ ಅಂದಾಗ ನಂಬಿ ಗೆದ್ದೋನು ನಾನು. ಹೌದು ಅಂದಾಗ ಯಾವ ಮುಖ ಇಟ್ಕೊಂಡು ಕೇಳ್ಲಿ?” ಎನ್ನುತ್ತಾರೆ.

ಎರಡು ಗಂಟೆಯಲ್ಲಿ ಜ್ಯೂರಿ ಮರಳುತ್ತದೆ. ತಪ್ಪಿತಸ್ಥ.

ಸಂಜೆ ಆರು. ಎಕ್ಸ್‌ಚೇಂಜಿನ ಸ್ಟೂಲಿನ ಮೇಲೆ ಕೂತು ವರ್ನಾ ಎಂದಿನಂತೆ ನಂಬರ್ ಒತ್ತುತ್ತಾರೆ. ನಾಲ್ಕು ಸಲ ರಿಂಗಾಗುತ್ತದೆ. ಐದನೆಯದಕ್ಕೆ ಆಚೆ ಉಸಿರು ಕೇಳುತ್ತದೆ.

“ಇದೂ ಹೊಳೆ ದಾಟಿ ಬಂತಾ, ವರ್ನಾ?”

“ದಾಟೇ ಬಂತು ಕಣಮ್ಮ,” ವರ್ನಾ ಕಣ್ಣೊರೆಸಿಕೊಳ್ಳುತ್ತಾರೆ. “ಬೆಳಿಗ್ಗೆ ನೋಡ್ಕೊಂಡು ಬಂದಿದೀನಿ.”