ಹೂ ಬಿಟ್ಟ ಕಾಲಕ್ಕೆ ಬರುತ್ತಿದ್ದ ಅಮ್ಮ

ಶಿಡ್ಲಘಟ್ಟದ ಅಂಚಿನಲ್ಲಿದ್ದ ನಮ್ಮ ಮನೆಯ ಹಿತ್ತಲಲ್ಲಿ ನಾನು ಲಿಚಿ ಗಿಡ ನೆಟ್ಟಾಗ ನಗದವರೇ ಇಲ್ಲ. ಎಂಬತ್ತರ ದಶಕದ ಮಾತು. ಬೆಂಗಳೂರಿಗೆ ಯಾವುದೋ ಮದುವೆಗೆ ಹೋದವಳು ಮಾರ್ಕೆಟ್ಟಿನಲ್ಲಿ ಮೊದಲ ಸಲ ಲಿಚಿ ತಿಂದೆ. ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಆ ರುಚಿ ತಲೆಗೆ ಹತ್ತಿತು. ನರ್ಸರಿಯಿಂದ ಗಿಡ ತಂದೆ, ಬೇಸಿಗೆಯಲ್ಲಿ ಗೋಣಿತಾಟು ಕಟ್ಟಿ ನೆರಳು ಮಾಡಿದೆ, ಕೈಪಂಪು ಕೊಂಡು ಎಲೆಗಳಿಗೆ ದಿನಾ ನೀರು ಚಿಮುಕಿಸಿದೆ. ಅದು ಎಲೆಯ ತುದಿ ಸುಟ್ಟುಕೊಂಡು, ಮುಖ ಗಂಟು ಹಾಕಿಕೊಂಡು ನಿಂತಿತೇ ಹೊರತು ಒಂದು ಹೂ ಬಿಡಲಿಲ್ಲ. ನಮ್ಮ ಸೀಮೆಯ ಒಣ ಗಾಳಿಗೆ ಅದು ಒಗ್ಗುವ ಮರವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಾಗಲು ವರ್ಷಗಳು ಬೇಕಾದವು.

ಮಾವು ಹಾಗೆ ಮಾಡಲಿಲ್ಲ. ಲಿಚಿಯ ಪಕ್ಕದಲ್ಲೇ, ಗೋಡೆಗೆ ಒತ್ತಿಕೊಂಡಂತೆ ನೆಟ್ಟಿದ್ದ ಬಾದಾಮಿ ಕಸಿ ಗಿಡ ಮೂರ್ನಾಲ್ಕು ವರ್ಷಕ್ಕೆಲ್ಲ ಹೂ ಬಿಟ್ಟಿತು. ಆ ಗಿಡದಿಂದ ನನಗೆ ಹಣ್ಣಿಗಿಂತ ದೊಡ್ಡದೊಂದು ಸಿಕ್ಕಿತು. ಅಮ್ಮ ನಮ್ಮ ಮನೆಗೆ ಬರತೊಡಗಿದಳು.

ಅಮ್ಮ ಗೌರಿಬಿದನೂರಿನ ಆಚೆ, ನಗರಗೆರೆಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಳು. ಮಗಳ ಮನೆಯಲ್ಲಿ ಉಳಿಯುವುದು ಮರ್ಯಾದೆಯಲ್ಲ ಎಂಬ ಹಳೇ ಹಟ ಅವಳದು. ಮದುವೆಯಾದ ಮೇಲೆ ನಾನು ಎಷ್ಟು ಕರೆದರೂ ಬೆಳಿಗ್ಗೆ ಬಂದು ಸಾಯಂಕಾಲದ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಮಾವು ಹೂ ಬಿಟ್ಟಿದೆ ಎಂದು ತಿಳಿದ ವರ್ಷ ಮಾತ್ರ ಚೀಲ ಹಿಡಿದು ಬಂದು ಹದಿನೈದು ದಿನ ಇದ್ದಳು. ಕೇಳಿದವರಿಗೆ, ಮಗಳು ಸ್ಕೂಲಿಗೆ ಪಾಠ ಹೇಳೋಕೆ ಹೋಗ್ತಾಳೆ, ಅಳಿಯಂದಿರು ಚಿಂತಾಮಣಿಗೆ ಕೆಲಸಕ್ಕೆ ಹೋಗ್ತಾರೆ, ಗಿಡ ನೋಡೋರು ಯಾರಿದಾರೆ ಅನ್ನುತ್ತಿದ್ದಳು. ಗಿಡಕ್ಕೆ ಕಾವಲು ಬೇಕಾಗಿರಲಿಲ್ಲ. ನನಗೆ ಅಮ್ಮ ಬೇಕಾಗಿದ್ದಳು. ಆದ್ದರಿಂದ ಪ್ರತಿ ವರ್ಷ ಹೂ ಕಾಣಿಸಿದ ಕೂಡಲೇ ಕಾರ್ಡು ಬರೆಯುತ್ತಿದ್ದೆ.

ಗೋಡೆಯಾಚೆ ಹಿಪ್ಪುನೇರಳೆ ತೋಟ. ಅದರ ಒಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು. ಲಿಚಿಗೆ ಹೊಯ್ದ ನೀರು ನನ್ನ ತೋಟಕ್ಕೆ ಬಿಟ್ಟಿದ್ರೆ ಇನ್ನೊಂದು ಬೆಳೆ ತೆಗೀತಿದ್ದೆ ಎಂದು ಛೇಡಿಸುತ್ತಿದ್ದರು. ಅವರ ಮನೆಯಲ್ಲಿ ರೇಷ್ಮೆ ಹುಳು ಇದ್ದಷ್ಟು ದಿನ ನಮ್ಮ ಮನೆಯಲ್ಲೂ ಅವುಗಳದೇ ದರ್ಬಾರು. ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಗೆ ಹೊಗೆ ಹಾಕುವಂತಿಲ್ಲ, ಮೆಣಸಿನಕಾಯಿ ಘಾಟು ಏಳಿಸುವಂತಿಲ್ಲ. ಗಿಡಕ್ಕೆ ಅಂಗಡಿಯ ಔಷಧಿ ಹೊಡೆಯುವುದಿಲ್ಲ ಎಂದು ನಾನು ಮೊದಲ ವರ್ಷವೇ ಮಾತು ಕೊಟ್ಟಿದ್ದೆ. ಗಾಳಿಗೆ ಒಂದು ಹನಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದು, ಆ ಸೊಪ್ಪನ್ನು ಹುಳು ತಿಂದರೆ ಮುಗಿಯಿತು.

ತೊಂಬತ್ತರ ದಶಕದ ಮೊದಲಲ್ಲಿ ಒಂದು ವರ್ಷ ಹೂವಿಗೆ ಜಿಗಿಹುಳು ಬಿತ್ತು. ಹೂಗೊಂಚಲ ಹತ್ತಿರ ಕೈ ಒಯ್ದರೆ ಹಿಡಿ ಹಿಡಿ ಹುಳ ಚಟಪಟ ಹಾರುತ್ತಿದ್ದವು. ಎಲೆಯೆಲ್ಲ ಅಂಟಂಟು, ಅದರ ಮೇಲೆ ಮಸಿಯಂಥ ಕಪ್ಪು. ಬೆಳಿಗ್ಗೆ ಎದ್ದರೆ ಗಿಡದ ಕೆಳಗೆ ಕಂದಿದ ಹೂ ರಾಶಿ. ಅಮ್ಮ ಆಗಷ್ಟೇ ಬಂದಿದ್ದಳು. ಹೀಗೇ ಬಿಟ್ಟರೆ ಒಂದು ಪೀಚೂ ನಿಲ್ಲೋಲ್ಲ ಎಂದು ಅವಳ ಗೊಣಗಾಟ. ಅಕ್ಕನ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮೊದಲು ಹಗಲಿರುಳೆನ್ನದೆ ಸೊಪ್ಪು ಮೇಯುವ ಕಾಲ. ಔಷಧಿಯ ಮಾತೇ ಎತ್ತಬೇಡ, ಮಾತು ಕೊಟ್ಟಿದೀನಿ ಎಂದು ಅಮ್ಮನಿಗೆ ಗಟ್ಟಿಯಾಗಿಯೇ ಹೇಳಿ ಸ್ಕೂಲಿಗೆ ಹೋದೆ.

ಸಾಯಂಕಾಲ ಗೇಟು ತೆಗೆಯುತ್ತಿದ್ದಂತೆ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಹಿತ್ತಲಲ್ಲಿ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಕೈಪಂಪು ಹಿಡಿದು, ಸ್ಟೂಲಿನಿಂದ ಇಳಿಯುತ್ತಿದ್ದಳು. ಮುಖದಲ್ಲಿ ಗೆದ್ದ ಕಳೆ. ಎಲೆಯಡಿಕೆಗೆ ತಂದುಕೊಂಡಿದ್ದ ಹೊಗೆಸೊಪ್ಪನ್ನೆಲ್ಲ ಕುದಿಸಿ, ಸೋಸಿ, ಗಿಡಕ್ಕೆ ಪೂರ್ತಿ ಹೊಡೆದಿದ್ದಳು.

"ಅಂಗಡಿ ಔಷಧಿ ಅಲ್ಲ ಕಣೇ. ಹೊಗೆಸೊಪ್ಪು. ಮನುಷ್ಯರು ತಿನ್ನೋದು," ಅಂದಳು.

ಅವಳ ಊರಿನಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು. ರೇಷ್ಮೆ ಹುಳುವಿಗೆ ಹೊಗೆಸೊಪ್ಪು ಹಾಲಾಹಲ, ಅದನ್ನು ಮುಟ್ಟಿದ ಕೈಯಲ್ಲಿ ಯಾರೂ ಹುಳುಮನೆ ಹೊಗುವುದಿಲ್ಲ ಎಂದು ಅವಳಿಗೆ ಹೇಗೆ ತಿಳಿಯಬೇಕು? ಗೋಡೆಯಾಚೆ ಬಗ್ಗಿ ನೋಡಿದೆ. ಮಾವಿನ ಕೊಂಬೆ ಚಾಚಿದ ಕಡೆ ಎರಡು ಸಾಲು ಹಿಪ್ಪುನೇರಳೆಯನ್ನು ಆಗಲೇ ಕೊಯ್ದಾಗಿತ್ತು. ಕೊಯ್ದ ತುದಿಗಳಲ್ಲಿ ಹಾಲು ಇನ್ನೂ ಹಸಿಯಾಗಿತ್ತು.

ಬ್ಯಾಗನ್ನು ಅಲ್ಲೇ ಬಿಸಾಕಿ ಓಡಿದೆ. ಹುಳುಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಹೋಗುವಂತಿಲ್ಲ, ನನ್ನ ಸೀರೆಗೂ ಆ ಘಾಟು ಅಂಟಿರಬಹುದು. ಅಂಗಳದಲ್ಲೇ ನಿಂತು ಅಕ್ಕನನ್ನು ಕೂಗಿದೆ. ಒಳಗಿನಿಂದ ಹುಳು ಮೇಯುವ ಸರಸರ ಸದ್ದು ಕೇಳುತ್ತಿತ್ತು. ಆ ಸದ್ದು ಯಾವಾಗ ನಿಲ್ಲುತ್ತದೋ ಎಂದು ಕಿವಿಗೊಟ್ಟು ನಿಂತೆ. ಅವರು ಬುಟ್ಟಿ ಹಿಡಿದು ಹೊರಗೆ ಬಂದರು. ಗೋಡೆ ಕಡೆಯ ಸೊಪ್ಪು ಹಾಕಬೇಡಿ, ಅಮ್ಮ ತಿಳಿಯದೆ ಹೊಗೆಸೊಪ್ಪಿನ ಕಷಾಯ ಹೊಡೆದುಬಿಟ್ಟಿದಾಳೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಬುಟ್ಟಿ ಕೆಳಗಿಟ್ಟು ಒಳಗೆ ಹೋದರು. ಎಷ್ಟೋ ಹೊತ್ತು ಬರಲಿಲ್ಲ. ಅಷ್ಟರಲ್ಲಿ ಅಮ್ಮನೂ ಬಂದು ನನ್ನ ಹಿಂದೆ ನಿಂತಿದ್ದಳು. ಏನೋ ಆಗಿಹೋಗಿದೆ ಎಂದು ಅವಳಿಗೂ ಗೊತ್ತಾಗಿ ಮುಖ ಬಿಳಿಚಿಕೊಂಡಿತ್ತು.

ಅಕ್ಕ ಬಾಗಿಲಿಗೆ ಬಂದು ನನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದರು.

"ಇನ್ನೂ ಹಾಕಿರ್ಲಿಲ್ಲ ದೊಡ್ಡಮ್ಮ. ಒಂದು ಹುಳಾನೂ ಹೋಗಿಲ್ಲ. ನೀವು ಹೋಗಿ ಮಲಕ್ಕಳಿ."

ಅಮ್ಮ ಎರಡೂ ಕೈ ಎತ್ತಿ ಮುಗಿದಳು. ನಾನೂ ನಂಬಿದೆ, ನಂಬುವುದು ನನಗೆ ಅಷ್ಟು ಬೇಕಾಗಿತ್ತು. ಅವರು ಒಳಗಿನಿಂದ ತಂದ ಸೊಪ್ಪಿನ ಬುಟ್ಟಿ ಖಾಲಿಯಿತ್ತು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಬೆಳಿಗ್ಗೆ ಅಮ್ಮ ಏಳುವ ಮೊದಲು ಹಿತ್ತಲಿಗೆ ಹೋದೆ. ಅಕ್ಕನ ಯಜಮಾನರು ತೋಟದ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದರು. ಪಕ್ಕದಲ್ಲಿದ್ದ ತಟ್ಟೆಗಳಲ್ಲಿ ದಪ್ಪ ದಪ್ಪ ಹುಳು ಹಸಿರು ಕಕ್ಕಿಕೊಂಡು ಮುದುಡಿ ಬಿದ್ದಿದ್ದವು. ಕೆಲವು ಇನ್ನೂ ತಲೆ ಎತ್ತಿ ಆಡಿಸುತ್ತಿದ್ದವು. ಹುಳುಮನೆಯ ಕಾಲು ಭಾಗದಷ್ಟು ಹುಳು ಹೋಗಿತ್ತು. ನಷ್ಟ ತುಂಬಿಕೊಡುತ್ತೇನೆ ಎಂದು ಗೋಡೆಯ ಈಚೆಯಿಂದ ಹೇಳಿದೆ. ಅಕ್ಕ ಗೋಡೆಯ ಹತ್ತಿರ ಬಂದರು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಮೆತ್ತಗಿತ್ತು.

"ನಿಮ್ಮಮ್ಮಂಗೆ ಹೇಳ್ಬೇಡಿ ಟೀಚರಮ್ಮ. ಅಷ್ಟು ಮಾಡಿ ಸಾಕು."

ಹೇಳಲಿಲ್ಲ. ಆ ವರ್ಷ ಗಿಡ ಜಗ್ಗುವಷ್ಟು ಕಾಯಿ ಬಿಟ್ಟಿತು. ಅಮ್ಮ ಬೇಸಿಗೆಯಲ್ಲಿ ಇನ್ನೊಂದು ಸಲ ಬಂದು ಗೊರಟೆ ಬೆಳ್ಳಗಾಗುವ ತನಕ ಚೀಪಿದಳು. ನೋಡ್ದಾ ನನ್ನ ಔಷಧಿ, ರೇಷ್ಮೆ ಹುಳಾನೂ ಸಾಯ್ಲಿಲ್ಲ ಹಣ್ಣೂ ನಿಂತವು ಎಂದು ಬಂದವರ ಮುಂದೆಲ್ಲ ಹೇಳಿಕೊಂಡಳು. ಅಕ್ಕನ ಮನೆಗೆ ಬುಟ್ಟಿ ತುಂಬ ತಾನೇ ಒಯ್ದು ಕೊಟ್ಟಳು. ಅವರು ನಗುತ್ತಲೇ ತೆಗೆದುಕೊಂಡರು. ಆ ಬೇಸಿಗೆ ನನಗೆ ಒಂದು ಹೋಳೂ ರುಚಿಸಲಿಲ್ಲ.

ಮುಂದಿನ ವರ್ಷ ಹೂ ಬಿಟ್ಟಾಗ ಕಾರ್ಡು ಬರೆಯಲೋ ಬೇಡವೋ ಎಂದು ಒದ್ದಾಡಿದೆ. ನಾನು ಬರೆಯುವ ಮೊದಲೇ ಅವಳು ಬಂದಿಳಿದಳು. ಚೀಲ ಬಿಚ್ಚಿದರೆ ಮೇಲೆಯೇ ಹೊಗೆಸೊಪ್ಪಿನ ದೊಡ್ಡ ಕಂತೆ. ಜಿಗಿಹುಳು ಬರೋಕೆ ಮುಂಚೆನೇ ಹೊಡೆಯೋಣ, ನಾಳೆ ನೀನು ಸ್ಕೂಲಿಗೆ ಹೋಗು, ನಾನು ನೋಡ್ಕೋತೀನಿ ಅಂದಳು. ಅಕ್ಕನ ಮನೆಯಲ್ಲಿ ಹುಳು ಮತ್ತೆ ಜ್ವರದಿಂದ ಎದ್ದಿದ್ದವು. ಕಂತೆಯನ್ನು ಕಿತ್ತುಕೊಂಡು ಬಚ್ಚಿಡಬಹುದಿತ್ತು, ಆದರೆ ಶಿಡ್ಲಘಟ್ಟದ ಅಂಗಡಿಗಳಲ್ಲಿ ಹೊಗೆಸೊಪ್ಪಿಗೇನು ಬರ? ಏನೇನೋ ನೆಪ ಹೇಳಿ ನೋಡಿದೆ. ಹೋದ ವರ್ಷ ಏನೂ ಆಗ್ಲಿಲ್ವಲ್ಲೇ ಎಂಬ ಒಂದೇ ಮಾತಿಗೆ ನನ್ನ ನೆಪಗಳೆಲ್ಲ ಬಿದ್ದುಹೋದವು.

"ಆಗಿತ್ತಮ್ಮ. ಕಾಲು ಮನೆ ಹುಳು ಸತ್ತಿತ್ತು," ಅಂದೆ.

ಅಮ್ಮ ಚೀಲದ ಬಾಯಿ ಕಟ್ಟಿದಳು. ಎದ್ದು ಗೋಡೆಯ ಹತ್ತಿರ ಹೋಗಿ ಅಕ್ಕನನ್ನು ಕರೆದಳು. ನಾನು ಹಿಂದೆಯೇ ಹೋದೆ. ಅಮ್ಮ ಕೇಳಿದ್ದು ಒಂದೇ.

"ಯಾಕಮ್ಮ ನನ್ನ ಬೈಲಿಲ್ಲ?"

ಅಕ್ಕ ನನ್ನ ಕಡೆ ತಿರುಗಿ ನೋಡಿದ ನೋಟ ಇವತ್ತಿಗೂ ನೆನಪಿದೆ. ಹುಳು ಸತ್ತ ದಿನ ಕೂಡ ಅವರಿಗೆ ಅಷ್ಟು ಕೋಪ ಬಂದಿರಲಿಲ್ಲ.

"ಬೈದಿದ್ರೆ ನೀವು ಮತ್ತೆ ಮಗಳ ಮನೆ ಹೊಸ್ತಿಲು ತುಳೀತಿದ್ರಾ ದೊಡ್ಡಮ್ಮ? ನಮ್ಮಮ್ಮ ಹಿಂಗೇ ಒಂದು ಮಾತಿಗೆ ನಮ್ಮನೆಗೆ ಬರೋದು ಬಿಟ್ಳು. ಸಾಯೋ ತನಕ ಬರ್ಲಿಲ್ಲ."

ಹಂಗೇನಿಲ್ಲಮ್ಮ, ನಾನು ಬರ್ತೀನಿ ಅಂದಳು ಅಮ್ಮ. ಮಾರನೇ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ, ಅಲ್ಲಿಂದ ಗೌರಿಬಿದನೂರಿಗೆ ಹೊರಟುಹೋದಳು. ಆಮೇಲೆ ಕರೆದಾಗಲೆಲ್ಲ, ಮೊಣಕಾಲು ನೋವು, ಅಣ್ಣನ ಮನೆಯಲ್ಲಿ ಕೆಲಸ, ಬಸ್ಸಿನಲ್ಲಿ ನೂಕುನುಗ್ಗಲು ಎಂದು ಒಂದೊಂದು ವರ್ಷ ಒಂದೊಂದು ಕಾರಣ ಹೇಳಿದಳು. ಹಣ್ಣನ್ನು ನಾನೇ ನಗರಗೆರೆಗೆ ಒಯ್ದರೆ ಒಂದನ್ನು ಮೂಸಿ ನೋಡಿ, ಚೆನ್ನಾಗಿದೆ ಎಂದು ಎಲ್ಲವನ್ನೂ ಮೊಮ್ಮಕ್ಕಳಿಗೆ ಹಂಚಿಬಿಡುತ್ತಿದ್ದಳು. ಹೇಳದಿದ್ದರೆ ಹುಳು ಸಾಯುತ್ತಿದ್ದವು, ಹೇಳಿದ್ದಕ್ಕೆ ಅಮ್ಮನನ್ನು ಕಳೆದುಕೊಂಡೆ. ನನಗೆ ಅಮ್ಮನ ಮೇಲೂ ಸಿಟ್ಟು ಬಂತು, ಅಕ್ಕನ ಒಳ್ಳೆಯತನದ ಮೇಲೂ ಬಂತು.

ಹೂ ಬಿಟ್ಟ ಕಾಲದಲ್ಲಿ ಅಕ್ಕ ಗೋಡೆಯ ಮೇಲಿಂದ ಕತ್ತು ಚಾಚಿ, ದೊಡ್ಡಮ್ಮ ಈ ವರ್ಷ ಬರ್ತಾರಾ ಎಂದು ಕೇಳುತ್ತಿದ್ದರು. ಬರ್ತಾರೆ ಎಂದು ನಾನು ಪ್ರತಿ ವರ್ಷ ಹೇಳಿದೆ.