ಊದಬಾರದ ದಿನಗಳು

ದೊಡ್ಡಬಳ್ಳಾಪುರದ ಹೈದರ್ ಕ್ಲಾರಿನೆಟ್ ಊದುವವನು. ಮದುವೆಯಿರಲಿ, ಉರುಸಿರಲಿ, ಹೆಣದ ಮುಂದಿನ ಮೆರವಣಿಗೆಯಿರಲಿ, ಅವನ ಎಡಕ್ಕೆ ನಲ್ಲೂರಿನ ಗಂಗಣ್ಣ ಡ್ರಮ್ ನೇತುಹಾಕಿಕೊಂಡು ನಡೆಯುತ್ತಿದ್ದ. ಮೀಸೆ ಮೂಡುವ ಮೊದಲೇ ಇಬ್ಬರೂ ಒಂದೇ ಬ್ಯಾಂಡ್ ಸೆಟ್ಟಿಗೆ ಸೇರಿದವರು. ಮೀಸೆ ನರೆತ ಮೇಲೂ ಬಿಟ್ಟಿರಲಿಲ್ಲ.

ಕ್ಲಾರಿನೆಟ್ಟಿನ ಬಾಯಿ ಒರಗುವುದು ಮೇಲ್ಸಾಲಿನ ಮುಂದಿನ ಹಲ್ಲಿಗೆ. ಹೈದರನಿಗೆ ಆ ಹಲ್ಲೇ ಕೈಕೊಟ್ಟಿತು. ರೂಟ್ ಕೆನಾಲ್ ಮಾಡಿಸಿದ. ವಸಡಿನಲ್ಲಿ ಮತ್ತೆ ಕೀವು ಕಟ್ಟಿತು. ಬಿಚ್ಚಿಸಿ ಎರಡನೇ ಸಲ ಮಾಡಿಸಿದ. ಆದರೂ ಊದಲು ಹೋದರೆ ಮೂಗಿನ ಬುಡದವರೆಗೂ ಸಿಡಿಯುತ್ತಿತ್ತು.

"ಬೇರಿನ ತುದೀಲಿ ಕೀವು ಮೂಳೆನ ತಿಂದ್ಹಾಕಿದೆ," ಎಂದರು ಹಲ್ಲಿನ ಡಾಕ್ಟರ್ ಅಕ್ಷತ, ಎಕ್ಸ್‌ರೇಯ ಕಪ್ಪು ಕಲೆ ತೋರಿಸುತ್ತ. "ವಸಡು ಬಿಡಿಸಿ, ಕೆಟ್ಟದ್ದನ್ನ ಕೆರೆದು, ತೂತಿಗೆ ಮೂಳೆ ಪುಡಿ ತುಂಬಬೇಕು."

"ಯಾವುದರ ಮೂಳೆ, ಮೇಡಂ?" ಹೈದರ್ ಅನುಮಾನದಿಂದ ಕೇಳಿದ.

"ದನದ ಮೂಳೇಲಿ ಮಾಡಿದ್ದಿದೆ. ಸತ್ತವರು ದಾನ ಕೊಟ್ಟಿದ್ದಿದೆ. ಎರಡೂ ಬೇಡ ಅಂದ್ರೆ ಲ್ಯಾಬಲ್ಲಿ ತಯಾರಿಸಿದ್ದೂ ಇದೆ. ಪುಡಿ ಬರೀ ಆಸರೆ. ಅದನ್ನ ಹಿಡ್ಕೊಂಡು ನಿಮ್ಮ ಮೂಳೇನೇ ಬೆಳೀಬೇಕು."

ಜೊತೆಗೆ ಬಂದಿದ್ದ ಗಂಗಣ್ಣ ನಕ್ಕ. "ಅವರೇ ಬಳ್ಳಿಗೆ ಚಪ್ಪರ ಹಾಕ್ದಂಗೆ ಕಣ್ಲಾ. ಸ್ವಲ್ಪ ತಡ್ಕೊಂಡ್ರೆ ನಂದೇ ಮೂಳೆ ಕೊಡ್ತೀನಿ."

"ಬಿಡ್ತು ಅನ್ನು," ಎಂದು ಹೈದರ್ ಗದರಿದ. ಲ್ಯಾಬಿನದೇ ಸಾಕೆಂದ.

ಆಪರೇಷನ್ ಆಯಿತು. ಮೂಳೆ ಕೂಡುವವರೆಗೆ ಊದಲೇಬಾರದು, ಒತ್ತಡ ಬಿದ್ದರೆ ತುಂಬಿದ್ದೆಲ್ಲ ಕದಲುತ್ತದೆ ಎಂದು ಡಾಕ್ಟರ್ ಮತ್ತೆ ಮತ್ತೆ ಹೇಳಿ ಕಳಿಸಿದರು.

ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಫೋನ್ ಬಂತು. ಗಂಗಣ್ಣ ಎದೆ ಹಿಡಿದುಕೊಂಡು ಕೂತವನು ಮೇಲೇಳಲಿಲ್ಲವಂತೆ.

ಹೈದರ್ ಕ್ಲಾರಿನೆಟ್ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಹೊರಟ. ಹೆಂಡತಿ ಖದೀಜಾ ಬಾಗಿಲಿಗೆ ಅಡ್ಡ ನಿಂತು, "ಊದ್ಬೇಡಿ," ಎಂದಳು. ಅವನು ಚಪ್ಪಲಿ ಮೆಟ್ಟಿದ. ಅವಳೇ ಸರಿದು ದಾರಿ ಬಿಟ್ಟಳು.

ನಲ್ಲೂರಿನಲ್ಲಿ ಹೆಣ ಎತ್ತುವ ಹೊತ್ತು. ಬ್ಯಾಂಡಿನವರೆಲ್ಲ ಬಂದು ನಿಂತಿದ್ದರು, ಯಾರೂ ಶುರು ಮಾಡಲೊಲ್ಲರು. ಹೈದರ್ ವಾದ್ಯ ಜೋಡಿಸಿ ತುಟಿಗಿಟ್ಟ. ಮೊದಲ ಉಸಿರಿಗೇ ಹೊಲಿಗೆ ಚುಳ್ಳೆಂದು, ಬಾಯಲ್ಲಿ ರಕ್ತದ ರುಚಿ ಬಂತು.

ಗಂಗಣ್ಣನ ಹೆಂಡತಿ ಪಿಳ್ಳಮ್ಮ ಹೆಣದ ತಲೆದೆಸೆಯಿಂದ ಎದ್ದು ಬಂದಳು. ಕ್ಲಾರಿನೆಟ್ಟನ್ನು ಅವನ ಕೈಯಿಂದ ಬಿಡಿಸಿಕೊಂಡಳು. "ಬ್ಯಾಡಣ್ಣ. ನಿನ್ ಬಾಯಿ ವಾಸಿಯಾಗ್ಲಿ ಅಂತ ಇವ್ರು ಮಾರಮ್ಮಂಗೆ ಹರಕೆ ಹೊತ್ತಿದ್ರು. ಅದನ್ನ ಕೆಡಿಸ್ಬೇಡ."

ಗೋಡೆಯ ಗೂಟದಲ್ಲಿ ಗಂಗಣ್ಣನ ಡ್ರಮ್ ತೂಗುತ್ತಿತ್ತು. ಹೈದರ್ ಅದನ್ನು ಇಳಿಸಿ ಕೊರಳಿಗೆ ಹಾಕಿಕೊಂಡ. ಎಂದೂ ಬಾರಿಸಿದವನಲ್ಲ, ಏಟು ಹಿಂದುಮುಂದಾಗುತ್ತಿತ್ತು, ಕಡ್ಡಿ ಜಾರುತ್ತಿತ್ತು. ಯಾರೂ ತಪ್ಪು ಎನ್ನಲಿಲ್ಲ. ಹುಣಸೆ ತೋಪು ದಾಟಿ ಹೊಲದ ಗುಂಡಿಯವರೆಗೂ ಬಾರಿಸಿಕೊಂಡೇ ನಡೆದ. ಮಣ್ಣು ಹಾಕುವಾಗ ಮಾತ್ರ ಬಾರಿಸಲು ಕೈ ಏಳಲಿಲ್ಲ.

ತಿಂಗಳುಗಳು ಕಳೆದವು. ಎಕ್ಸ್‌ರೇಯಲ್ಲಿ ಕಪ್ಪಿದ್ದ ಜಾಗ ಬೆಳ್ಳಗಾಗಿತ್ತು. "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಧಾರಾಳವಾಗಿ ಊದಿ," ಎಂದರು ಡಾಕ್ಟರ್.

ಹೊಸಕೋಟೆಯ ಮದುವೆಯೊಂದಕ್ಕೆ ಹೋದ. ಡ್ರಮ್ಮಿಗೆ ಬೀರೇಶ್ ಎಂಬ ಹೊಸಬ, ಒಳ್ಳೆಯ ಕೈ. ಹಾಡಿನ ನಡುವೆ ಹೈದರನಿಗೆ ಉಸಿರು ಸಾಲದಾಗುವ ಒಂದು ಜಾಗವಿತ್ತು. ಗಂಗಣ್ಣ ಅತ್ತ ನೋಡದೆಯೇ ಅಲ್ಲಿ ಡ್ರಮ್ ಉರುಳಿಸಿ ತುಂಬಿಬಿಡುತ್ತಿದ್ದ, ಹೈದರ್ ಉಸಿರೆಳೆದುಕೊಳ್ಳುತ್ತಿದ್ದ. ಬೀರೇಶನಿಗೆ ಅದು ಗೊತ್ತಿಲ್ಲ. ಹೈದರ್ ಉಸಿರಿಗೆಂದು ನಿಂತಾಗ ಅವನೂ ನಿಂತ. ಕುಣಿಯುತ್ತಿದ್ದವರು ತಿರುಗಿ ನೋಡಿದರು.

"ಯಾಕೆ ಸಾಬ್ರೇ, ಹಲ್ಲು ನೋವಾ?" ಬೀರೇಶ್ ಪಿಸುಗುಟ್ಟಿದ.

"ಇಲ್ಲಪ್ಪ," ಎಂದ ಹೈದರ್. "ಹಲ್ಲು ಗಟ್ಟಿಯಾಗಿದೆ."

ಆ ಮದುವೆ ಮುಗಿಸಿಕೊಟ್ಟ. ಮುಂದೆ ಬ್ಯಾಂಡಿನವರು ಕರೆದಾಗಲೆಲ್ಲ, ಆಗಲ್ಲ ಕಣ್ರಪ್ಪ ಎನ್ನತೊಡಗಿದ.