ಪರದೆಯ ಹಿಂದೆ ನಿಂತವನು

ಎನ್.ಆರ್. ಪುರಕ್ಕೆ ವರ್ಗವಾಗಿ ಬಂದಾಗ ನನಗೆ ನಲವತ್ತೆಂಟು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ. ಮದುವೆಯಾಗಿರಲಿಲ್ಲ. ಪೇಟೆಯ ಹಿಂದಿನ ಓಣಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ. ಶಾಲೆ ಬಿಟ್ಟ ಮೇಲೆ ಮರುದಿನ ಹಾಜರಿ ಕೂಗುವವರೆಗೆ ಯಾರೊಂದಿಗೂ ಒಂದು ಮಾತಾಡದ ದಿನಗಳೇ ಹೆಚ್ಚು.

ನನ್ನ ಅಡುಗೆಮನೆಯ ಕಿಟಕಿಗೆ ಎದುರಾಗಿ, ಸ್ವಲ್ಪ ಕೆಳಗೆ, ಇನ್ನೊಂದು ಅಡುಗೆಮನೆ. ಅಲ್ಲಿ ಪಿಕಪ್ ಓಡಿಸುವವನೊಬ್ಬನ ಹೆಂಡತಿ ಸಂಜೆ ಅಡುಗೆ ಮಾಡುತ್ತಿದ್ದಳು. ಮೊದಮೊದಲು ಸುಮ್ಮನೆ ಕಣ್ಣಿಗೆ ಬಿದ್ದಳು. ಆಮೇಲೆ ನಾನೇ ಕಾಯತೊಡಗಿದೆ. ಅವಳು ಅನ್ನಕ್ಕಿಟ್ಟಾಗ ನಾನೂ ಇಡುತ್ತಿದ್ದೆ. ಅವಳು ತಟ್ಟೆ ಹಿಡಿದು ಕೂತಾಗ ನಾನೂ ಕೂರುತ್ತಿದ್ದೆ. ಯಾರದೋ ಜೊತೆ ಊಟ ಮಾಡಿದ ಹಾಗಿರುತ್ತಿತ್ತು. ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ನೋಡುವಾಗ ದೀಪ ಆರಿಸುತ್ತಿದ್ದೆ, ಪರದೆಯನ್ನು ಒಂದು ಬೆರಳಿನಷ್ಟೇ ಸರಿಸುತ್ತಿದ್ದೆ. ಗಂಡ ಎರಡು ಸಲ ಅವಳ ಕೆನ್ನೆಗೆ ಹೊಡೆದದ್ದನ್ನೂ ಹಾಗೆಯೇ ನಿಂತು ನೋಡಿದ್ದೆ.

ಒಂದು ಭಾನುವಾರ ಮಧ್ಯಾಹ್ನ, ನಮ್ಮ ಡ್ರಾಯಿಂಗ್ ಮಾಸ್ತರರು ಕೊಟ್ಟಿದ್ದ ಹಳೆಯ ಕಪ್ಪು-ಬಿಳುಪು ಸಿನಿಮಾ ಒಂದನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಒಬ್ಬ ಒಂಟಿ ಗಂಡಸು ಬಾಗಿಲ ಸಂದಿಯಿಂದ ಪಕ್ಕದ ಮನೆಯ ಹೆಂಗಸನ್ನು ನೋಡುತ್ತಿರುತ್ತಾನೆ. ಕ್ಯಾಮೆರಾ ಅವನ ಕಣ್ಣಿನ ಜಾಗದಲ್ಲೇ ಇರುವುದರಿಂದ ನಾವೂ ಸಂದಿಯಿಂದಲೇ ನೋಡಬೇಕು. ತುಂಬ ಹೊತ್ತು ಏನೂ ಆಗುವುದಿಲ್ಲ. ಅವಳು ತಲೆ ಬಾಚುತ್ತಾಳೆ. ಅವಳ ಬೆನ್ನ ಹಿಂದಿನ ಬಾಗಿಲು ಮೆಲ್ಲಗೆ ತೆರೆದುಕೊಂಡು ಯಾರೋ ಒಳಗೆ ಬಂದಾಗ ನಾನು ಉಸಿರು ಬಿಗಿಹಿಡಿದಿದ್ದೆ. ಕೊಲೆ ಕ್ಷಣದಲ್ಲಿ ಮುಗಿಯಿತು, ಚಾಕು ಕೂಡ ಸರಿಯಾಗಿ ಕಾಣಲಿಲ್ಲ. ಹೆದರಿಕೆಯಾದದ್ದು ಆಮೇಲೆ. ಅದಕ್ಕೆ ಮುಂಚಿನ ಅಷ್ಟೂ ಹೊತ್ತು ಅದು ಯಾವಾಗ ಆದೀತೆಂದು ನಾನು ಆಸೆಯಿಂದ ಕಾದಿದ್ದೆನೆಂದು ಅರಿವಾದಾಗ.

ಮಂಗಳವಾರ ಸಂಜೆ ಎದುರು ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಪರದೆ ಸರಿಸಿದೆ. ಅವನು ಅವಳ ಜಡೆ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಸೌಟು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಭಾನುವಾರವೂ ಹೀಗೇ ಉಸಿರು ಹಿಡಿದಿದ್ದೆನೆಂದು ಹೊಳೆದದ್ದೇ, ಚಪ್ಪಲಿಯನ್ನೂ ಹಾಕದೆ ಮೆಟ್ಟಿಲಿಳಿದು ಓಡಿ ಅವರ ಬಾಗಿಲು ಬಡಿದೆ.

ಅವನೇ ತೆರೆದ. "ಎಂತ ಸರ್?"

"ಹೊಡೀಬೇಡ ಮಾರಾಯ, ಬಿಡು."

"ಕಿಟಕೀಲಿ ನೋಡಿದ್ದು ಸಾಕಾಗ್ಲಿಲ್ವಾ ನಿಮಗೆ?"

ಅಷ್ಟರಲ್ಲಿ ಅಕ್ಕಪಕ್ಕದವರು ಹೊರಗೆ ಬಂದರು. ಅವನು ಎಲ್ಲರನ್ನೂ ಬೈದು, ಪಿಕಪ್ ಹತ್ತಿ ಹೋದ.

ಅವಳು ಒಳಗೆ ಗೋಡೆಗೊರಗಿ ಕೂತಿದ್ದಳು. ಹುಬ್ಬಿನ ಮೇಲೆ ರಕ್ತ. ನನ್ನ ಮುಖ ನೋಡದೆಯೇ ಹೇಳಿದಳು. "ನೀವು ನಿಲ್ಲೋದು ನಂಗೂ ಗೊತ್ತಿತ್ತು ಸರ್. 'ಯಾರಿಗೆ ತೋರಿಸ್ಕಳಕ್ಕೆ ಕಿಟಕಿ ತೆಗೀತೀಯ' ಅಂತ್ಲೇ ಇವತ್ತು ಹೊಡೆದಿದ್ದು. ತೆಗೀದಿದ್ರೆ ಒಳಗೆಲ್ಲ ಹೊಗೆ ತುಂಬುತ್ತೆ."

"ತಪ್ಪಾಯ್ತಮ್ಮ" ಎಂದೆ.

ಅವಳು ಅಂಗೈಯಿಂದ ಹುಬ್ಬು ಒತ್ತಿ ಹಿಡಿದಳು. "ನನ್ನ ಫೋನ್ ಒಡೆದು ಹಾಕಿದಾರೆ. ಇಲ್ಲೇ ಕೊಪ್ಪದ ಹತ್ರ ನಾರ್ವೆ ಅಂತ ಊರಲ್ಲಿ ಅಣ್ಣ ಇದ್ದಾನೆ, ನಿಮ್ಮ ಫೋನ್ ಕೊಡಿ" ಎಂದಳು.

ಅಣ್ಣ ಒಂದೂವರೆ ಗಂಟೆಯಲ್ಲಿ ಜೀಪು ಮಾಡಿಕೊಂಡು ಬಂದ. ಆಸ್ಪತ್ರೆಯಲ್ಲಿ ಅವಳ ಹುಬ್ಬಿಗೆ ಹೊಲಿಗೆ ಹಾಕಿಸಿ, ಹಾಗೆಯೇ ನಾರ್ವೆಗೆ ಕರೆದುಕೊಂಡು ಹೋದ. ಮರುದಿನ ಅಣ್ಣ-ತಂಗಿ ಕೊಟ್ಟ ದೂರಿಗೆ ಸಾಕ್ಷಿ ಹೇಳಲು ನಾನೇ ಠಾಣೆಗೆ ಹೋದೆ.

"ನೀವು ಎಲ್ಲಿಂದ ನೋಡಿದ್ದು ಮಾಸ್ಟ್ರೇ?" ಎಂದು ಬರೆದುಕೊಳ್ಳುತ್ತಿದ್ದ ಪೊಲೀಸಿನವರು ಕೇಳಿದರು.

"ನನ್ನ ಅಡುಗೆಮನೆಯಿಂದ."

"ಮುಂಚೆ ಹೊಡೆದಿದ್ದನ್ನೂ ನೋಡಿದ್ರಾ?"

"ಎರಡು ಸಲ."

"ಆಗ ಯಾಕೆ ಹೇಳ್ಲಿಲ್ಲ?"

ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿ ಸಹಿ ಮಾಡಲು ಹೇಳಿದರು.

ಅವಳು ಆ ಮನೆಗೆ ಮತ್ತೆ ಬರಲಿಲ್ಲ. ಕೊಪ್ಪದ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆಂದು ಆಮೇಲೆ ಕೇಳಿದೆ. ಕೊಪ್ಪಕ್ಕೆ ಹೋದಾಗ ಆ ಬೀದಿ ಬಿಟ್ಟು ನಡೆಯುತ್ತೇನೆ. ನಾನೂ ಆ ಮನೆ ಬಿಟ್ಟೆ. ಈಗಿರುವ ಮನೆಯಲ್ಲಿ ಊಟದ ಹೊತ್ತಿಗೆ ರೇಡಿಯೊ ಹಾಕಿಕೊಳ್ಳುತ್ತೇನೆ.